ಟವೆಲ್ಲಿನ ಕೆಳಗಿನ ಕೈ

ಕೈಯ ಹಿಂಬದಿಯನ್ನು ಎಂಜಿನ್ನಿಗೆ ತಾಗಿಸಿದ ಮೇನಕಾ ಹಾಗೆಯೇ ನಿಂತುಬಿಟ್ಟಳು. ಎಂಜಿನ್ ಬೆಚ್ಚಗಿತ್ತು.

ಜ್ವರ ಬಂದ ಕುರಿಮರಿಯ ಕಿವಿಯ ಹಾಗೆ ಬೆಚ್ಚಗೆ. ಏರ್ಕಾಡಿನ ಬೆಳಗಿನ ಮಂಜು ಕಾಫಿ ಗಿಡಗಳ ಎಲೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಶೆಡ್ಡಿನ ಕಬ್ಬಿಣದ ಕಂಬ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅಂಥ ಚಳಿಯಲ್ಲಿ ಆ ಹಳೆಯ ಟೂ-ಸ್ಟ್ರೋಕ್ ಟ್ರೈಲ್ ಬೈಕ್ ಒಂದೇ ಏನೂ ಅರಿಯದ ಹಾಗೆ ಬೆಚ್ಚಗೆ ನಿಂತಿತ್ತು.

"ಮೊದಲು ಎಂಜಿನ್ ಮುಟ್ಟಿ ನೋಡಿ. ತಣ್ಣಗಿರ್ಬೇಕು. ಬೆಚ್ಚಗಿದ್ರೆ, ನೀವು ಬರೋಕೆ ಮುಂಚೇನೇ ಸ್ಟಾರ್ಟ್ ಮಾಡಿ ಏನೋ ಮುಚ್ಚಿಟ್ಟವ್ರೆ ಅಂತ. ಒಂದು ಮಾತೂ ಆಡ್ದೆ ವಾಪಸ್ ಬಂದ್ಬಿಡಿ."

ಫೋನಿನಲ್ಲಿ ಹಾಗೆ ಹೇಳಿಕೊಟ್ಟವನು ಈಗ ಅವಳೆದುರಿಗೇ ನಿಂತಿದ್ದ. ಬೈಕು ಅವನದೇ.

ಮೇನಕಾ ನಂಗವಳ್ಳಿ ಪಕ್ಕದ ಕುರಿ ಸಾಕುವ ಮನೆಯ ಹುಡುಗಿ. ಬರುವ ಸೋಮವಾರದಿಂದ ಧರ್ಮಪುರಿ ಕಡೆಯ ಬೆಟ್ಟದ ಊರುಗಳಲ್ಲಿ ಆಡು ಕುರಿಗಳಿಗೆ ಲಸಿಕೆ ಹಾಕುವ ಕೆಲಸ ಅವಳದು. ಗಾಡಿ ಇಲ್ಲದಿದ್ದರೆ ಕೆಲಸವೂ ಇಲ್ಲ ಎಂದು ಆಫೀಸಿನವರು ಮೊದಲೇ ಹೇಳಿದ್ದರು. ಐಸ್ ಬಾಕ್ಸ್ ಕಟ್ಟಿಕೊಂಡು ಬಂಡೆ, ಹಳ್ಳ, ಕಾಲುದಾರಿ ಹತ್ತಬೇಕು. ಅವಳ ಸ್ಕೂಟರ್ ಮೊದಲ ಹಳ್ಳದಲ್ಲೇ ಕೂತುಬಿಡುತ್ತದೆ. ದೊಡ್ಡ ಬೈಕು ಬಿದ್ದರೆ ಒಬ್ಬಳೇ ಎತ್ತಲಾರಳು. ಎತ್ತುವಷ್ಟು ಹಗುರವಾಗಿ, ಹತ್ತುವಷ್ಟು ಗಟ್ಟಿಯಾಗಿರುವುದು ಇಂಥ ಟೂ-ಸ್ಟ್ರೋಕೇ. ಹಾಗೆ ಹುಡುಕುವಾಗ ಸಿಕ್ಕಿದ್ದು ಏರ್ಕಾಡಿನ ಎಸ್ಟೇಟಿನಲ್ಲಿ ಮೆಕ್ಯಾನಿಕ್ ಆಗಿದ್ದ ಗೋವಿಂದರಾಜನ ನಂಬರು.

ಮೊದಲ ಸಲ ಇಬ್ಬರೂ ತಮಿಳಿನಲ್ಲೇ ಮಾತಾಡಿದ್ದರು. ನಡುವೆ ಅವಳು, ತನ್ನ ದುಪಟ್ಟಾ ಮೇಯಲು ಹೊರಟಿದ್ದ ಟಗರಿಗೆ, "ಓಗಲೇ ಅತ್ಲಾಗೆ" ಎಂದು ಮನೆಮಾತು ಕನ್ನಡದಲ್ಲಿ ಗದರಿದಳು. ಆ ಕಡೆಯಿಂದ ಮೆಲ್ಲಗೆ ಒಂದು ನಗು.

"ನನಗಾ ಹೇಳಿದ್ದು?" ಎಂದು ಅವನೂ ಕನ್ನಡದಲ್ಲೇ ಕೇಳಿದ.

ಆಮೇಲೆ ನಲವತ್ತು ದಿನ. ತನ್ನ ಬೈಕನ್ನೇ ತಗೊಳ್ಳಿ ಎಂದು ಅವನು ಒಂದು ದಿನವೂ ಹೇಳಲಿಲ್ಲ. ಬೇರೆಯವೂ ನೋಡಿ, ನೋಡುವುದು ಹೇಗೆಂದು ನಾನು ಹೇಳಿಕೊಡುತ್ತೇನೆ ಎಂದ. ಮೆಟ್ಟೂರಿನಲ್ಲಿ ನೋಡಿದ ಬೈಕಿನ ಹೊಸ ಪೇಂಟಿನ ಅಡಿಯಲ್ಲಿ ವೆಲ್ಡಿಂಗ್ ಗಾಯವನ್ನು ಅವಳು ಉಗುರಿನಿಂದ ಹುಡುಕಿದ್ದು ಅವನು ಕಲಿಸಿದ ಮೇಲೆಯೇ. ಸೇಲಂನಲ್ಲಿ ಬೆಚ್ಚಗಿನ ಎಂಜಿನ್ ಮುಟ್ಟಿ ತಿರುಗಿ ಬಂದದ್ದೂ ಹಾಗೆಯೇ. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು, ಪ್ಲಗ್ಗಿನ ಮೂತಿ ಯಾವ ಬಣ್ಣವಿರಬೇಕು, ಎಲ್ಲ ಕೇಳಿ ಮುಗಿಯಿತು. ಫೋನು ಮಾತ್ರ ಮುಗಿಯಲಿಲ್ಲ. ಒಮ್ಮೆ ಅವಳು, ಇಳಿಜಾರಿನಲ್ಲಿ ತನಗೆ ಜೀವ ಹೋದಷ್ಟು ಭಯ, ಆಕ್ಸಿಲೇಟರ್ ಬಿಟ್ಟು ಹಿಂದಿನ ಬ್ರೇಕ್ ಅದುಮಿ ಒಂದು ಕ್ಷಣ ಕಣ್ಣು ಮುಚ್ಚಿಬಿಡುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಅವನು ತುಂಬಾ ಹೊತ್ತು ನಕ್ಕು, ಕೊನೆಗೆ ಮೆತ್ತಗೆ, "ಬಯಪ್ಪಡಾದೆ" ಎಂದಿದ್ದ. ಭಯಪಡಬೇಡ. ಆ ಒಂದು ಪದವನ್ನು ಅವಳು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು.

ಆ ದನಿಯೇ ಸುಳ್ಳಾಗಿದ್ದರೆ?

ಮೇನಕಾಳ ಜೊತೆ ಬಂದಿದ್ದ ಅಜ್ಜಿ ಸಪ್ಪಲಮ್ಮ ಶೆಡ್ಡಿನ ಬಾಗಿಲಲ್ಲಿ ಕೂತು, ಬಸ್ಸಿನಲ್ಲಿ ಹೊಟ್ಟೆ ತೊಳಸಿದ್ದಕ್ಕೆ ನಿಂಬೆಹಣ್ಣು ಮೂಸುತ್ತಿದ್ದಳು. ಚಿಕ್ಕಂದಿನಲ್ಲಿ ಅದೇ ಅಜ್ಜಿಯ ಮಡಿಲಲ್ಲಿ ಕೇಳಿದ ಕಥೆಯೊಂದು ಈಗ ಬೇಡಬೇಡವೆಂದರೂ ಎದ್ದು ಬಂತು. ಬೆಟ್ಟದ ಗವಿಯಲ್ಲಿ ಒಬ್ಬ ರಕ್ಕಸ. ಕುರುಬರ ಹುಡುಗರ ದನಿಯನ್ನು ಕಡ ತಂದು, ಆ ದನಿಯಲ್ಲಿ ಹುಡುಗಿಯರನ್ನು ಕರೆಯುತ್ತಿದ್ದ. ದನಿ ಬದಲಿಸುತ್ತಿದ್ದ, ಮುಖ ಬದಲಿಸುತ್ತಿದ್ದ. ಕೈಯನ್ನು ಮಾತ್ರ ಬದಲಿಸಲಾಗದೆ ಯಾವಾಗಲೂ ಕಂಬಳಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದ.

ಗೋವಿಂದರಾಜ್ ಬಲಗೈಯನ್ನು ಜಾಕೆಟ್ಟಿನ ಜೇಬಿನಿಂದ ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ.

ಅಜ್ಜಿಗೆ ಟೀ ಕೊಟ್ಟಿದ್ದು ಎಡಗೈಯಲ್ಲಿ. ಆರ್‌ಸಿ ಬುಕ್ ಚಾಚಿದ್ದು ಎಡಗೈಯಲ್ಲಿ. ಫೋನಿನಲ್ಲಿ ಅಷ್ಟು ಮಾತಾಡುತ್ತಿದ್ದವನು ಇಲ್ಲಿ ಅವಳ ಕಣ್ಣು ತಪ್ಪಿಸುತ್ತಿದ್ದ. ಒಮ್ಮೆ ಕಣ್ಣು ಸಿಕ್ಕಿತು. ಕಂದು ಬಣ್ಣದ, ನಿದ್ದೆಗೆಟ್ಟ, ಚೆಂದದ ಕಣ್ಣು. ಅವಳ ಎದೆ ಹಾರಿತು. ಅದು ಯಾಕೆ ಹಾರಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಸ್ಟಾರ್ಟ್ ಮಾಡುವುದನ್ನೂ ಅವಳಿಗೇ ಬಿಟ್ಟ. ಎರಡನೇ ಕಿಕ್ಕಿಗೆ ಎಂಜಿನ್ ಹಿಡಿಯಿತು. ನೀಲಿ ಹೊಗೆ, ಟಿಣ್ ಟಿಣ್ ಎನ್ನುವ ಚುರುಕು ಸದ್ದು. ಅವಳು ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿದಳು. ಕಾಫಿಪುಡಿಯ ಬಣ್ಣ. ಚಾಸಿಯಲ್ಲಿ ಗಾಯವಿಲ್ಲ, ಚಕ್ರದಲ್ಲಿ ಓಲಾಟವಿಲ್ಲ. ಎಲ್ಲವೂ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಭಯವಾಯಿತು. ಇಷ್ಟೆಲ್ಲ ಸರಿಯಾಗಿಟ್ಟವನು ಮುಚ್ಚಿಟ್ಟದ್ದಾದರೂ ಏನು? ಕೇಳಬಹುದಿತ್ತು. ಕೇಳಿದರೆ ಅವನು ಸುಳ್ಳು ಹೇಳುತ್ತಾನೆ, ಅದನ್ನು ಅದೇ ದನಿಯಲ್ಲಿ ಹೇಳುತ್ತಾನೆ. ಅದನ್ನು ಕೇಳಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ಎದ್ದು ಬಂದು ಹೆಗಲ ಮೇಲಿನ ಟವೆಲ್ ಕೊಡವಿದಳು. ಕುರಿಸಂತೆಯಲ್ಲಿ ಅವರ ಮನೆಯವರು ಬಾಯಲ್ಲಿ ಬೆಲೆ ಹೇಳಿದ್ದೇ ಇಲ್ಲ. ಕೊಳ್ಳುವವರ ಕೈ, ಮಾರುವವರ ಕೈ ಟವೆಲ್ಲಿನ ಕೆಳಗೆ ಸೇರಬೇಕು, ಬೆರಳು ಹಿಡಿದು ಬೆಲೆ ಹೇಳಬೇಕು, ಅದು ಮೂರನೆಯವರ ಕಣ್ಣಿಗೆ ಬೀಳಬಾರದು. ಬೆರಳು ಬಿಚ್ಚಿದರೆ ವ್ಯಾಪಾರ, ಮುಷ್ಟಿ ಹಿಡಿದರೆ ಮಾರುವುದಿಲ್ಲವೆಂದು ಅರ್ಥ. ಗೋವಿಂದರಾಜ್ ಒಂದು ಹೆಜ್ಜೆ ಹಿಂದೆ ಸರಿದ. ಅದೆಲ್ಲಾ ಬೇಡ ಅಜ್ಜಿ, ಮನಸಿಗೆ ಬಂದಷ್ಟು ಕೊಡಿ ಎಂದ.

"ಆಡಾದ್ರೇನು, ವಂಡಿ ಆದ್ರೇನು. ಕೈ ಕೊಡು ತಂಬಿ," ಎಂದಳು ಅಜ್ಜಿ. "ನನ್ನ ಮೊಮ್ಮಗಳು ಕಚ್ಚಲ್ಲ."

ಜೇಬಿನಿಂದ ಕೈ ಹೊರಬಂದದ್ದೂ ಟವೆಲ್ ಬಿದ್ದದ್ದೂ ಒಟ್ಟಿಗೇ ಆಯಿತು. ಮೇನಕಾ ಉಸಿರು ಬಿಗಿಹಿಡಿದು ಆ ಕತ್ತಲಲ್ಲಿ ಬೆರಳಿಗಾಗಿ ತಡಕಿದಳು.

ಸಿಕ್ಕಿದ್ದು ಮುಷ್ಟಿ. ಬಿಗಿಯಾದ, ತಣ್ಣಗಿನ ಮುಷ್ಟಿ. ಗೆಣ್ಣಿನ ಮೇಲಿನ ಚರ್ಮ ಕಿತ್ತು ಹಸಿಯಾಗಿತ್ತು. ಅವಳ ಬೆರಳು ತಗಲಿದ ಕೂಡಲೇ ಆ ಮುಷ್ಟಿ ನಡುಗಿತು. ಸಂತೆಗೆ ಬಂದ ಮರಿಯ ಎದೆ ಅಂಗೈಗೆ ಸಿಕ್ಕ ಹಾಗೆ.

ರಕ್ಕಸರ ಕೈ ನಡುಗುವುದಿಲ್ಲ. ಕಥೆಯಲ್ಲಿ ಎಲ್ಲೂ ನಡುಗಿರಲಿಲ್ಲ.

"ಏನಾತು ಕೈಗೆ?" ಅವಳು ಅಜ್ಜಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಬೆಳಿಗ್ಗೆ ಬಿದ್ದೆ. ಒಂಬತ್ತನೇ ತಿರುವಲ್ಲಿ."

"ಬ್ರೇಕ್ ಸರಿ ಇಲ್ವಾ?"

"ವಂಡಿ ಸರೀಗೈತೆ." ಅವನು ತಲೆ ತಗ್ಗಿಸಿದ. "ನಿನ್ನ ತರ ಓಡಿಸಿ ನೋಡ್ದೆ. ಆಕ್ಸಿಲೇಟರ್ ಬಿಟ್ಟು, ಹಿಂದಿನ ಬ್ರೇಕ್ ಅದುಮಿ... ಕಣ್ಣು ಮುಚ್ಕೊಂಡು."

ಮೇನಕಾ ಅವನನ್ನೇ ನೋಡಿದಳು.

"ಹುಚ್ಚಾ ನಿಂಗೆ?"

"ಇಪ್ಪತ್ತು ತಿರುವು ನೀನು ಒಬ್ಬಳೇ ಇಳಿಸ್ಕೊಂಡು ಓಗ್ತೀನಿ ಅಂದಿದ್ದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹತ್ತು ವರ್ಷ ಓಡಿಸಿದೋನು ನಾನೇ ಬಿದ್ದೆ. ನಿನಗೆ ಹೆಂಗೆ ಮಾರ್ಲಿ? ಮಾರ್ದೆ ಇದ್ರೆ ನಿನ್ನ ಕೆಲಸ ಓಯ್ತದೆ." ಮುಷ್ಟಿ ಇನ್ನಷ್ಟು ಬಿಗಿಯಾಯಿತು. "ಮಾರಿದ್ರೆ ನೀನು ಇನ್ಯಾಕೆ ಫೋನ್ ಮಾಡ್ತೀಯಾ? ಅದೂ ಒಂದು ಭಯ."

ಬೆಟ್ಟದ ಮಂಜೆಲ್ಲ ಒಮ್ಮೆಗೇ ಶೆಡ್ಡಿನೊಳಗೆ ಬಂದು ನಿಂತ ಹಾಗಾಯಿತು ಅವಳಿಗೆ. ತಾನು ಹೆದರಿದಷ್ಟೇ ಹೆದರಿದವನೊಬ್ಬ ಎದುರಿಗಿದ್ದ. ಅವಳು ಆ ಮುಷ್ಟಿಯನ್ನು ಬಿಚ್ಚಲು ಹೋಗಲಿಲ್ಲ. ಎರಡೂ ಕೈಯಿಂದ ಮೆಲ್ಲಗೆ ಮುಚ್ಚಿದಳು.

"ನೀನು ಹಿಂದೆ ಕೂತ್ಕೋ, ನಾನೇ ಇಳಿಸ್ತೀನಿ. ಬೀಳ್ದೆ ಕೆಳಗೆ ಓದ್ರೆ, ಆಗ ಕೈ ಬಿಚ್ಚು."

ಬೆಲೆ ಕೂಡಲಿಲ್ಲ, ಕೆಳಗೆ ಹೋದ ಮೇಲೆ ಇನ್ನೊಮ್ಮೆ ಎಂದು ಅಜ್ಜಿಗೆ ಹೇಳಿದರು. ಹೀಗೆ ಊರೂರಲ್ಲಿ ಕೈ ಹಿಡಿಯುವ ವ್ಯಾಪಾರ ತಾನು ಕಂಡಿಲ್ಲವೆಂದು ಗೊಣಗುತ್ತಲೇ ಅಜ್ಜಿ ಸೇಲಂ ಬಸ್ಸು ಹತ್ತಿದಳು.

ತಿರುವುಗಳ ಎಣಿಕೆ ಬೆಟ್ಟದ ಬುಡದಿಂದ; ಇಳಿಯುವವರಿಗೆ ಮೊದಲು ಸಿಗುವ ಇಪ್ಪತ್ತನೆಯದರ ಫಲಕ ಕಂಡಾಗ ಮೇನಕಾ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಳು. ಗೇರ್ ಬೈಕಿನ ಲೈಸೆನ್ಸ್ ಕೈಗೆ ಬಂದು ಹದಿನೈದೇ ದಿನ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಆಕಾಶ. ಕೆಳಗಿನಿಂದ ಬಸ್ಸಿನ ಹಾರನ್ ಕೇಳಿದರೆ ಎದೆಯೇ ಕೆಳಗೆ ಬಿದ್ದಂತಾಗುತ್ತಿತ್ತು. ಆಕ್ಸಿಲೇಟರ್ ಬಿಟ್ಟರೂ ಈ ಎಂಜಿನ್ ಬೈಕನ್ನು ತಡೆದು ಹಿಡಿಯುವುದಿಲ್ಲ, ಗೇರ್ ಇಳಿಸು, ಎರಡೂ ಬ್ರೇಕನ್ನು ಮೆತ್ತಗೆ ಹಿಡಿ ಎಂದು ಹಿಂದಿನಿಂದ ಅವನು ಹೇಳುತ್ತಿದ್ದ. ಇಳಿಜಾರಿನಲ್ಲಿ ಪೆಟ್ರೋಲ್ ಹೋಗದಿದ್ದರೆ ಅದರೊಂದಿಗೆ ಆಯಿಲೂ ಹೋಗದು, ಎಂಜಿನ್ನಿನ ಗಂಟಲು ಒಣಗುತ್ತದೆ. ನಡುನಡುವೆ ಆಕ್ಸಿಲೇಟರ್ ಸ್ವಲ್ಪ ತಿರುಗಿಸಬೇಕು.

"ಸ್ವಲ್ಪ ಕುಡಿಸು," ಅನ್ನುತ್ತಿದ್ದ ಅವನು. ಅವಳು ತಿರುಗಿಸಿದರೆ ಎಂಜಿನ್ ಟಿಣ್ಣೆನ್ನುತ್ತಿತ್ತು.

ಒಂಬತ್ತನೇ ತಿರುವು. ಜಲ್ಲಿಯ ಮೇಲೆ ಬೆಳಗಿನ ಉಜ್ಜಿದ ಗುರುತು ಇನ್ನೂ ಇತ್ತು, ಯಾರೋ ನೆಲವನ್ನು ಪರಚಿದ ಹಾಗೆ. ಹಿಂದಿನ ದನಿ ನಿಂತುಹೋಯಿತು. ಅವನು ಉಸಿರಾಡುತ್ತಿಲ್ಲವೆಂದು ಅವಳ ಬೆನ್ನಿಗೆ ತಿಳಿಯಿತು. ಅವಳ ರೆಪ್ಪೆಗಳು ತಾವಾಗಿಯೇ ಇಳಿಯತೊಡಗಿದವು.

"ಬಯಪ್ಪಡಾದೆ," ಎಂದಳು ಮೇನಕಾ. ಯಾರಿಗೆ ಹೇಳಿದಳೋ. ಕಣ್ಣು ತೆರೆದೇ ಇಟ್ಟಳು. ಗಾಳಿಗೆ ನೀರು ಸುರಿಯಿತು, ತೆರೆದೇ ಇಟ್ಟಳು. ಬೈಕು ಜಲ್ಲಿಯನ್ನು ಬಳಸಿ, ಒಮ್ಮೆ ಜಾರಿ, ಸಾವರಿಸಿಕೊಂಡು ತಿರುಗಿತು. ಹಿಂದೆ ಒಂದು ಉದ್ದನೆಯ ಉಸಿರು ಅವಳ ಕುತ್ತಿಗೆಯ ಮೇಲೆ ಬೆಚ್ಚಗೆ ಇಳಿಯಿತು.

ಬೆಟ್ಟದ ಬುಡದಲ್ಲಿ ಅಜ್ಜಿ ಬಸ್ಸಿಳಿದು ಮೋರಿಯ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಇವರು ನಿಂತ ಕೂಡಲೇ ಕೈಯ ಹಿಂಬದಿಯನ್ನು ಎಂಜಿನ್ನಿನ ಹತ್ತಿರ ತಂದು, ಸುಟ್ಟಂತಾಗಿ ಹಿಂದೆಳೆದುಕೊಂಡು, ಇದಕ್ಕೆ ಜ್ವರ ಬಂದೈತೆ ಎಂದಳು. ಮೇನಕಾ ಬಂದಿರಲಿ ಬಿಡಜ್ಜಿ ಎಂದಳು.

ಟವೆಲ್ ಹರಡಿತು. ಈ ಸಲ ಅವನ ಕೈ ಮೊದಲೇ ಬಿಚ್ಚಿಕೊಂಡು ಬಂದಿತ್ತು. ಅವಳು ಹೆಬ್ಬೆರಳು ಬಿಟ್ಟು ನಾಲ್ಕು ಹಿಡಿದಳು. ಅವನು ತಲೆಯಾಡಿಸಿ ಒಂದನ್ನು ಮಡಿಸಿ ಮೂರು ಕೊಟ್ಟ. ಅವಳು ಒಪ್ಪದೆ ಅದನ್ನು ಮತ್ತೆ ಬಿಚ್ಚಿಸಿದಳು. ಆಮೇಲೆ ಬೆರಳುಗಳು ಬೆರಳುಗಳ ನಡುವೆ ಸೇರಿಕೊಂಡವು. ಅಂಥದೊಂದು ಬೆಲೆ ಯಾವ ಕುರಿಸಂತೆಯಲ್ಲೂ ಇರಲಿಲ್ಲ.

"ಇರೋದು ಐದು ಬೆರಳು," ಎಂದಳು ಅಜ್ಜಿ. "ಎಣ್ಸೋಕೆ ಏಟೊತ್ತು?"

ಬೆಟ್ಟದಿಂದ ಗಾಳಿ ಇಳಿದು ಟವೆಲ್ಲಿನ ಅಂಚನ್ನು ಎತ್ತಲು ನೋಡಿತು. ಸಪ್ಪಲಮ್ಮ ಮುಖವನ್ನು ಬಸ್ಸಿನ ದಾರಿಯ ಕಡೆ ತಿರುಗಿಸಿಕೊಂಡು, ಆ ಅಂಚು ಹಾರದಂತೆ ಎರಡು ಬೆರಳಿನಿಂದ ಒತ್ತಿ ಹಿಡಿದಳು.