ಕೆರೆ ದಂಡೆಯ ಕೆಂಪು ಬೀಚು

ಕಣ್ಣಿಗೆ ಗೇಣು ದೂರದಲ್ಲಿ ಒಂದು ಮುಷ್ಟಿ ಖಾರದಪುಡಿ!

"ಇನ್ನೊಂದ್ ಹೆಜ್ಜಿ ಇಟ್ಟಿ ಅಂದ್ರ ಒಗದ ಬಿಡ್ತೇನಿ!" ಬಿಸ್ಮಿಲ್ಲಾಬಿ ಗುಡುಗಿದಳು.

ನಾನು ನಕ್ಕೆ. "ಬ್ಯಾಡಗಿದ ಏನ್ ಖಾಲಾ? ಬರೇ ಬಣ್ಣ. ಖಾರ ಎಲ್ಲೈತಿ?"

"ಇದು ಗುಂಟೂರು!"

ನಗು ನಿಂತಿತು. ನಾನೂ ನಿಂತೆ.

ನನ್ನ ಹೆಸರು ಶಬನಮ್. ಹಾವೇರಿಯಲ್ಲಿ ಯಾರ ತಕರಾರಿದ್ದರೂ ಸೆಟ್ಲ್ ಮಾಡುತ್ತೇನೆ. ಈ ಸಲದ ಗಿರಾಕಿ ಪ್ರಭುಲಿಂಗಪ್ಪ, ಬ್ಯಾಡಗಿ ಹತ್ತಿರದ ಕೆರೆ ದಂಡೆಯಲ್ಲಿ ರಿಸಾರ್ಟ್ ಕಟ್ಟಿದ ಧಣಿ. ಕೆಲಸ? ದಂಡೆಯ ಮೇಲೆ ಮೆಣಸಿನಕಾಯಿ ಒಣಹಾಕುವ ಬಿಸ್ಮಿಲ್ಲಾಬಿಯನ್ನು ಅವಳದೇ ಕಣದಿಂದ ಎಬ್ಬಿಸುವುದು. ಘಾಟಿಗೆ ಗೆಸ್ಟುಗಳು ಸೀನುತ್ತಾರಂತೆ!

ಊರು ಈಗ 'ಲೇಕ್ ಸಿಟಿ'. ಬೋರ್ಡು ಹಾಗೆನ್ನುತ್ತದೆ. ಬೋಟಿದೆ… ಜಾಲಿಗಿಡಕ್ಕೆ ಕಟ್ಟಿದ್ದಾರೆ. ಲೈಫ್‌ಗಾರ್ಡ್ ಇದ್ದಾನೆ… ಈಜು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ನೀರು ಮೊಣಕಾಲು ಮುಟ್ಟುವುದಿಲ್ಲ.

ಬೆನ್ನ ಹಿಂದೆ ಜೆಸಿಬಿ ಗುರ್ ಎಂದಿತು. ಪಕ್ಕದಲ್ಲಿ ಪ್ರಭುಲಿಂಗಪ್ಪ.

"ಶಬನಮ್ ಮೇಡಂ, ಲಗೂ ಮುಗಸ್ರಿ! ಟಿವಿಯವ್ರು ಬರಾಕತ್ತಾರ!"

ಬಿಸ್ಮಿಲ್ಲಾಬಿ ಮುಷ್ಟಿ ಇಳಿಸಲಿಲ್ಲ. ಕಣ್ಣು ಮಿಟುಕಿಸಲಿಲ್ಲ. ಆ ನೋಟ ನನಗೆ ಗೊತ್ತು… ತನ್ನದು ಎನ್ನಲು ಇಷ್ಟೇ ನೆಲವಿರುವ ಹೆಂಗಸಿನ ನೋಟ. ನನ್ನ ಅಮ್ಮಿಗೆ ಅಷ್ಟೂ ಇರಲಿಲ್ಲ.

ಅಷ್ಟರಲ್ಲಿ ಕಾರು ಬಂತು. ಚಾನೆಲ್ಲಿನ ಐಶ್ವರ್ಯ ಇಳಿದವಳೇ ಕಿರುಚಿದಳು.

"ವಾವ್! ಫೋಟೋದಲ್ಲಿದ್ದ ರೆಡ್ ಬೀಚ್ ಇದೇನಾ!"

ಪ್ರಭುಲಿಂಗಪ್ಪನ ಬಾಯಿ ತೆರೆದೇ ಉಳಿಯಿತು. ಡ್ರೋನ್ ಫೋಟೋ ನೋಡಿ ಬೆಂಗಳೂರಿನ ಜಾಹೀರಾತಿನವರು ಮೆಣಸಿನಕಾಯಿ ಹರವಿದ ಕಣವನ್ನೇ 'ಕೆಂಪು ಮರಳಿನ ಬೀಚು' ಮಾಡಿದ್ದರು. ಪುಣ್ಯಾತ್ಮ ತನ್ನ ಜಾಹೀರಾತನ್ನೇ ಓದಿರಲಿಲ್ಲ!

"ಏ, ಜೆಸಿಬಿ ಹಿಂದ ತಗೀಪಾ!" ಈಗ ಅವನೇ ಚೀರಿದ.

ಐಶ್ವರ್ಯ ಕಣದೊಳಗೆ ಕಾಲಿಟ್ಟಳು.

"ಏ ಬೇಟಿ! ಕಣದಾಗ ಚಪ್ಪಲಿ ಹಾಕ್ಕೊಂಡು ಬರಬಾರ್ದು!" ಬಿಸ್ಮಿಲ್ಲಾಬಿ ಗದರಿದಳು.

ಹುಡುಗಿ ಹೌಹಾರಿ ಹಿಂದೆ ಸರಿದಳು. ಕ್ಯಾಮೆರಾ ಲೈವ್ ಇತ್ತು. ನಾನು ಬಿಸ್ಮಿಲ್ಲಾಬಿಯ ಕಿವಿಗೆ ಬಾಗಿದೆ. "ಖಾಲಾ, ಕಣ ಯಾರದಂತ ಈಗ ಕೇಳು."

ಅವಳು ಕೇಳಿದಳು. ಮುಷ್ಟಿ ಬಿಚ್ಚದೆಯೇ.

"ಕಣ ಯಾರ್ದು ಸಾವ್ಕಾರ್ರ? ಎಲ್ಲಾರ ಮುಂದ ಹೇಳ್ರಿ. ಇಲ್ಲಾಂದ್ರ ಇಲ್ಲಿ ಯಾರೂ ಕಾಲಿಡಂಗಿಲ್ಲ!"

ಪ್ರಭುಲಿಂಗಪ್ಪ ಬೆವರೊರೆಸಿಕೊಂಡ. ಕ್ಯಾಮೆರಾ ನೋಡಿದ. ಮುಷ್ಟಿ ನೋಡಿದ.

"ಬಿಸ್ಮಿಲ್ಲಾಬಿ ಅವರ್ದರಿ… ಖರೇನ ಅವರ್ದು!"

ಮರುದಿನ ಅವನ ಫೋನು.

"ಮೇಡಂ! ನನ್ನ ಬೀಚು ಕಾಣವಲ್ದರಿ! ಯಾರೋ ಕದ್ದಾರ!"

"ಕದ್ದಿಲ್ರಿ, ಒಣಗೇತಿ. ಬ್ಯಾಡಗಿ ಮಾರ್ಕೆಟ್ಟಿಗೆ ಹೋಗ್ರಿ… ಚೀಲದಾಗ ಐತಿ!"