ಮೂರು ಕೊಂಡಿ ಕಡಿಮೆ

ನಾಗವೇಣಿ ಗಾಜಿನ ಪೆಟ್ಟಿಗೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿದಳು, ಆಮೇಲೆ ಒಣ ಬಟ್ಟೆಯಿಂದ, ಕೊನೆಗೆ ಹಳೆಯ ಪೇಪರಿನಿಂದ. ಉಡುಪಿಯ ಆ ಗಡಿಯಾರದ ಅಂಗಡಿಯಲ್ಲಿ ಬೆಳಗಿನ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಧಣಿ ಸ್ಟ್ಯಾನಿಸ್ಲಾಸ್ ಶಿಲುಬೆಯ ಮುಂದೆ ಮೇಣದಬತ್ತಿ ಹಚ್ಚಿ, ಎದುರಿನ ಹೋಟೆಲಿಗೆ ಚಹಾಕ್ಕೆ ಹೋದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾಗವೇಣಿ. ಮಣಿಪಾಲದ ಹಾಸ್ಟೆಲುಗಳಿಗೆ ಸ್ಲ್ಯಾಬ್ ಹಾಕಲು ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಚಂದಪ್ಪ, ಪರ್ಕಳದಲ್ಲಿ ಒಂದು ಕೋಣೆ ಹಿಡಿದು, ಮಗಳನ್ನು ಇಲ್ಲಿ ಕಸ ಗುಡಿಸಲು ಬಿಟ್ಟಿದ್ದ. ಐದು ವರ್ಷ ಅವಳು ಗುಡಿಸಿದಳು, ನೋಡಿದಳು. ನೋಡಿ ನೋಡಿಯೇ ಸೆಲ್ ಹಾಕುವುದು, ಪಿನ್ ಕೀಳುವುದು, ಚೈನ್ ಕಡಿಮೆ ಮಾಡುವುದು ಕೈಗೆ ಬಂತು.

"ಹೊಸ ವಾಚು ಮಾರಾಯ್ರೆ, ನಿಂತಿದೆ. ಸೆಕೆಂಡಿನ ಕೆಂಪು ಮುಳ್ಳು ಅಲ್ಲಾಡುವುದೇ ಇಲ್ಲ."

ತಲೆ ಎತ್ತಿದರೆ ಯೋಗೀಶ. ಕಾಪುವಿನ ಮೀನುಗಾರರ ಮನೆಯವನು, ಕಾರ್ಕಳ ಎಕ್ಸ್‌ಪ್ರೆಸ್ಸಿನ ಕಂಡಕ್ಟರ್. ಪ್ರತಿ ಸಂಜೆ ಅವಳು ಹೋಗುವುದು ಅವನ ಬಸ್ಸಿನಲ್ಲೇ.

ಅವನು ಜೇಬಿನಿಂದ ತೆಗೆದು ಗಾಜಿನ ಮೇಲೆ ಇಟ್ಟದ್ದನ್ನು ಕಂಡು ಅವಳು ಕೈಯಲ್ಲಿದ್ದ ಪೇಪರನ್ನು ಬದಿಗಿಟ್ಟಳು. ಅಂಥ ವಾಚು ಈ ಅಂಗಡಿಗೆ ಬಂದದ್ದೇ ಇಲ್ಲ, ಧಣಿಯ ಹಳೆಯ ಕ್ಯಾಟಲಾಗುಗಳಲ್ಲಿ ಓದಿದ್ದಳು ಅಷ್ಟೆ. ಕಪ್ಪು ಮುಖ, ಅದರಲ್ಲಿ ರೇಸ್ ಕಾರಿನ ಮೀಟರುಗಳಂತೆ ಮೂರು ಪುಟ್ಟ ವೃತ್ತಗಳು. ಅಂಚಿನ ಸುತ್ತ ವೇಗದ ಅಂಕಿಗಳು. ಬದಿಯ ಕೀಯ ಮೇಲೊಂದು ಕೆಳಗೊಂದು ಗುಂಡಿ. ನಡುವೆ ತೆಳ್ಳಗಿನ ಕೆಂಪು ಮುಳ್ಳು, ಹನ್ನೆರಡರ ಮೇಲೆ ನೆಟ್ಟಗೆ. ಕೈಗೆತ್ತಿಕೊಂಡರೆ ಉಕ್ಕಿನ ಭಾರ ಅಂಗೈಯೊಳಗೆ ತಣ್ಣಗೆ ಕೂತಿತು.

ಅವಳು ಅದನ್ನು ಅವನ ಕಡೆ ತಿರುಗಿಸಿ, ಕಿರುಬೆರಳಿನಿಂದ ಕೆಳಗಿನ ಪುಟ್ಟ ವೃತ್ತವನ್ನು ತೋರಿಸಿದಳು. ಅಲ್ಲಿ ಕೂದಲೆಳೆಯಂಥ ಮುಳ್ಳು ಸುತ್ತುತ್ತಲೇ ಇತ್ತು.

"ವಾಚು ನಡೀತಾ ಉಂಟು. ಕೆಂಪು ಮುಳ್ಳು ನಿಂತದ್ದಲ್ಲ, ಕಾಯ್ತಾ ಉಂಟು," ಎಂದು ಮೇಲಿನ ಗುಂಡಿ ಒತ್ತಿದಳು. ಕೆಂಪು ಮುಳ್ಳು ಓಡತೊಡಗಿತು.

ಯೋಗೀಶ ನೋಡಿದ್ದು ಮುಳ್ಳನ್ನಲ್ಲ. "ನಿಮಗೆ ಮಾತು ಬರ್ತದಾ? ಒಂದು ವರ್ಷದಿಂದ ಟಿಕೆಟಿಗೆ ಬರೀ ಬೆರಳು ತೋರಿಸ್ತಾ ಇದ್ದೀರಿ. ಮೂಗಿ ಅಂತ ಎಣಿಸಿದ್ದೆ."

ಅವಳ ಕಿವಿಯವರೆಗೂ ಬಿಸಿಯೇರಿತು. ಮತ್ತೆ ಒತ್ತಿ ಮುಳ್ಳನ್ನು ನಿಲ್ಲಿಸಿದಳು. "ಚೈನ್ ಸಡಿಲ ಉಂಟು. ಕಡಿಮೆ ಮಾಡಬೇಕಾ?"

"ಈಗ ಬೇಡ," ಅಂದ. ಅವನ ಮುಖದ ನಗು ಅಲ್ಲಿಗೇ ನಿಂತಿತು. "ಒಬ್ಬರು ಕೊಟ್ಟದ್ದು. ಇನ್ನೂ ನನ್ನದಾಗಿಲ್ಲ."

ಅಂದಿನಿಂದ ಅವನು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ. ಸಂಜೆ ಟಿಕೆಟ್ ಮುಗಿಸಿ ಅವಳ ಸೀಟಿನ ಪಕ್ಕ ನಿಲ್ಲುತ್ತಿದ್ದ. ಕಂಬಿ ಹಿಡಿದ ಎಡಗೈ ಅವಳ ಕಣ್ಣಿನ ನೇರಕ್ಕೆ ಬರುತ್ತಿತ್ತು. ಮಣಿಕಟ್ಟಿನ ಮೇಲೆ ಬಲೆಯ ಹಗ್ಗ ಉಜ್ಜಿದ ಹಳೆಯ ಗೀರು. ಕಿಟಕಿಯ ಹೊರಗೆ ನೋಡುವ ಹಾಗೆ ಮಾಡಿ ಅವಳು ಅದನ್ನೇ ನೋಡುತ್ತಿದ್ದಳು.

"ಅಂಚಿನ ಅಂಕಿಗಳು ಎಂತಕ್ಕೆ?" ಒಂದು ದಿನ ಕೇಳಿದ.

"ಕಿಲೋಮೀಟರ್ ಕಲ್ಲು ಬಂದಾಗ ಒತ್ತಿ. ಮುಂದಿನ ಕಲ್ಲಿಗೆ ಮತ್ತೆ ಒತ್ತಿ. ಮುಳ್ಳು ಎಲ್ಲಿ ನಿಲ್ತದೋ ಅಲ್ಲಿಯ ಅಂಕಿಯೇ ಬಸ್ಸಿನ ಸ್ಪೀಡು."

ಮಣಿಪಾಲ ದಾಟಿತು. ಅವನು ಬಗ್ಗಿ ವಾಚನ್ನು ಅವಳ ಅಂಗೈಯಲ್ಲಿಟ್ಟ. ಮೊದಲ ಕಲ್ಲನ್ನು ಇಬ್ಬರೂ ತಪ್ಪಿಸಿಕೊಂಡರು. ಎರಡನೆಯದಕ್ಕೆ ಅವಳು ಒತ್ತಿದಳು. ಮುಂದಿನ ಕಲ್ಲಿಗೆ ಮೊದಲೇ ಪರ್ಕಳ ಬಂತು, ಬಸ್ಸು ನಿಂತಿತು, ಲೆಕ್ಕ ಕೆಟ್ಟಿತು. ಅವಳು ಇಳಿಯಲಿಲ್ಲ. ಅವನು ಇಳಿಯಿರಿ ಅನ್ನಲಿಲ್ಲ. ಪರ್ಕಳದ ಆಚೆ ಹೊಸದಾಗಿ ಒತ್ತಿದಾಗ ಮುಳ್ಳು ಐವತ್ತು ಸೆಕೆಂಡಿಗೆ ನಿಂತಿತು.

"ಎಪ್ಪತ್ತು ದಾಟಿದೆ," ಎಂದಳು.

"ಡ್ರೈವರಿಗೆ ಹೇಳಬೇಡಿ. ತೊಂಬತ್ತು ಮಾಡ್ತಾನೆ."

ಇಳಿದು ಹಿಂದಕ್ಕೆ ಅಷ್ಟು ದೂರ ನಡೆಯುವಾಗ ಅವಳಿಗೆ ಕಾಲು ನೋಯಲಿಲ್ಲ.

ಡಿಸೆಂಬರಿನ ಮೊದಲ ಶುಕ್ರವಾರ, ಮೀನು ಮಾರಿ ಮುಗಿಸಿದ ಹೆಂಗಸೊಬ್ಬರು ಅಂಗಡಿಗೆ ಬಂದರು. ಸೆರಗಿನ ಗಂಟಿನಿಂದ ಅದೇ ವಾಚು ತೆಗೆದರು.

"ನನ್ನ ಮಗನದ್ದು, ಯೋಗೀಶನದ್ದು. ನಾನು ಸರಸ. ನಾಡಿದ್ದು ಭಾನುವಾರ ನಿಶ್ಚಿತಾರ್ಥ. ಹುಡುಗಿ ಹರ್ಷಿಣಿಯ ಅಣ್ಣ ದುಬೈಯಿಂದ ಕಳಿಸಿದ್ದು. ಇದನ್ನು ಕಟ್ಟಿಕೊಂಡು ಎಲ್ಲರ ಎದುರು ಕೂತರೆ ಒಪ್ಪಿದ ಹಾಗೆ. ಇವನು ನೋಡಿದರೆ ಚೈನ್ ದೊಡ್ಡದು, ಜಾರ್ತದೆ ಅಂತ ಜೇಬಲ್ಲೇ ಹಾಕ್ತಾನೆ. ಇವತ್ತು ನಾನೇ ತಂದೆ."

"ಚೈನ್ ಕಡಿಮೆ ಮಾಡಿ ಕೊಡುವಾ," ಸ್ಟ್ಯಾನಿಸ್ಲಾಸ್ ಕನ್ನಡಕ ಸರಿಮಾಡಿಕೊಂಡರು. "ತೆಗೆದ ಕೊಂಡಿ ಜಾಗ್ರತೆ ಇಡಿ. ಮದುವೆ ಆದ ಮೇಲೆ ಗಂಡಸರ ಕೈ ದಪ್ಪ ಆಗ್ತದೆ. ನನ್ನದು ನೋಡಿ."

ಸರಸಕ್ಕ ನಕ್ಕರು. ನಾಗವೇಣಿ ವಾಚನ್ನು ತೆಗೆದುಕೊಂಡು ಮೂಲೆಯ ಮೇಜಿಗೆ ಹೋದಳು. ಪಿನ್ ತಳ್ಳಿದಳು. ಒಂದು ಕಡೆಯಿಂದ ಎರಡು ಕೊಂಡಿ, ಇನ್ನೊಂದು ಕಡೆಯಿಂದ ಒಂದು. ಮತ್ತೆ ಜೋಡಿಸಿ, ಒರೆಸಿ, ಮೂರು ಕೊಂಡಿಗಳನ್ನು ಪುಟ್ಟ ಕವರಿಗೆ ಹಾಕಿ ತಂದಿಟ್ಟಳು.

ಸ್ಟ್ಯಾನಿಸ್ಲಾಸ್ ನಗುವುದನ್ನು ನಿಲ್ಲಿಸಿದರು. "ಅಳತೆ ಕೇಳಲಿಲ್ಲ ನೀನು."

ಆಗ ಅವಳಿಗೆ ತಾನು ಮಾಡಿದ್ದು ತಿಳಿಯಿತು.

ಸರಸಕ್ಕ ಬ್ಲೌಸಿನೊಳಗಿನ ಪರ್ಸಿನಿಂದ ಒಂದು ನೂಲು ತೆಗೆದರು. ಮಗ ನಿದ್ದೆಯಲ್ಲಿದ್ದಾಗ ಮಣಿಕಟ್ಟಿಗೆ ಸುತ್ತಿ ತಂದದ್ದು. ಅದನ್ನು ಚೈನಿನೊಳಗೆ ಸುತ್ತಿ ನೋಡಿದರು. ಒಂದು ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ನೂಲನ್ನು ಮಡಚುತ್ತಾ ಅವಳ ಮುಖ ನೋಡಿದರು. "ನೀನು ಅವನ ಬಸ್ಸಲ್ಲಿ ಹೋಗುವವಳಾ?"

ನಾಗವೇಣಿ ಹೌದೆಂದು ತಲೆಯಾಡಿಸಿದಳು.

"ಮಾತು ಕೊಟ್ಟಾಗಿದೆ ಮಗಾ," ಸರಸಕ್ಕನ ಸ್ವರ ತಗ್ಗಿತು. ಗದರಿಕೆಯಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಗದರಿಕೆಯಾಗಿರಲಿಲ್ಲ.

ಶನಿವಾರ ಸಂಜೆ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. ಯೋಗೀಶ ಟಿಕೆಟ್ ಕೊಡದೆ ನೇರ ಅವಳ ಸೀಟಿನ ಬಳಿ ಬಂದ. ಜೇಬಿನಿಂದ ವಾಚು ತೆಗೆದು, ಕಟ್ಟಿ ತೋರಿಸಿ, ಮತ್ತೆ ಬಿಚ್ಚಿದ.

"ಸರಿಯಾಗಿ ಕೂತಿದೆ. ಅಳತೆ ಕೇಳದೆ ಮಾಡಿದಳು ಅಂತ ಅಮ್ಮ ಹೇಳಿದರು. ರಾತ್ರಿ ಊಟ ಕೂಡ ಮಾಡಲಿಲ್ಲ."

ಅವಳು ಮಡಿಲಲ್ಲಿ ಬೆರಳು ಹೆಣೆದು ಕೂತಳು.

"ಇನ್ನು ಜಾರ್ತದೆ ಅನ್ನಲಿಕ್ಕೆ ಆಗುವುದಿಲ್ಲ ನನಗೆ," ಎಂದ. "ನೀವೇ ಸರಿ ಮಾಡಿಕೊಟ್ಟದ್ದು."

ಹೊರಡುವ ನಿಮಿಷ ಬಂದಿತ್ತು. ಹಿಂದೆ ಮತ್ತೊಂದು ಬಸ್ಸು ಬಂದು ಹಾರ್ನ್ ಬಾರಿಸಿತು. ಒಂದು ನಿಮಿಷ ತಡವಾದರೂ ಇಲ್ಲಿ ಕಂಡಕ್ಟರುಗಳು ಒಬ್ಬರ ಕಾಲರ್ ಒಬ್ಬರು ಹಿಡಿಯುತ್ತಾರೆ. ಟೈಮ್ ಕೀಪರ್ ಸೀಟಿ ಊದಿದ.

"ಯೋಗೀ, ರೈಟ್ ಹೇಳು ಮಾರಾಯ," ಡ್ರೈವರ್ ಕೂಗಿದ.

ಅಂಗಡಿಯಲ್ಲಿ ಇಷ್ಟು ವರ್ಷ, ಬಸ್ಸಿನಲ್ಲಿ ಈಚೆಗೆ, ಅವಳು ಇಲ್ಲಿಯವರ ಹಾಗೆಯೇ ಮಾತಾಡಿದ್ದಳು, ಅದೂ ಅಳೆದು. ಈಗ ಬಾಯಿಗೆ ಬಂದದ್ದು ಪರ್ಕಳದ ಕೋಣೆಯೊಳಗೆ ಅವ್ವನ ಹತ್ತಿರ ಆಡುವ ಮಾತು. ಮೊದಲ ಸಲ ಅವನ ಕಣ್ಣನ್ನೇ ನೋಡಿ ಹೇಳಿದಳು:

"ನಾಳೆ ಅದನ್ನ ಕಟ್ಕೋಬ್ಯಾಡ್ರಿ."

ಮತ್ತೊಂದು ಸೀಟಿ. ಅವನು ವಾಚನ್ನು ಮತ್ತೆ ಜೇಬಿಗೆ ಹಾಕಿದ, ಡ್ರೈವರಿಗೆ ರೈಟ್ ಹೇಳಲಿಲ್ಲ. ಬಸ್ಸು ಹಾಗೆಯೇ ನಿಂತಿತ್ತು.