ಬೆರಳು ತಾಗದ ಊರು

ಗೋಡೆಯಗಲದ ನಕ್ಷೆಯ ಮೇಲೆ ಕೃಷ್ಣೆ ಉಬ್ಬುತ್ತಿದ್ದಳು. ನೀರು ಏರಿದಷ್ಟೂ ನೀಲಿ ಗಾಢವಾಗುತ್ತಿತ್ತು. ಅಪಾಯದ ಊರುಗಳು ಕೆಂಪಾಗಿ, ಜನ ಹೆಚ್ಚಿದ್ದಲ್ಲಿ ದೊಡ್ಡ ಚುಕ್ಕೆಗಳಾಗಿ ಮಿನುಗುತ್ತಿದ್ದವು. ೨೦೫೮ರ ಮಳೆಗಾಲ. ರಾಯಚೂರಿನ ನೆರೆ ನಿಯಂತ್ರಣ ಕೊಠಡಿಯಲ್ಲಿ ಡಾ. ವಾರಿಜಾ ಕೂತಲ್ಲಿ ಕೂರದೆ ಓಡಾಡುತ್ತಿದ್ದಳು. ಈ 'ಜೀವನಕ್ಷೆ' ಅವಳದೇ ಕೂಸು.

ಹಳೆಯ ನಕ್ಷೆಗಳು ಇದ್ದದ್ದನ್ನೆಲ್ಲ ತೋರಿಸಿ ತಲೆ ಕೆಡಿಸುತ್ತಿದ್ದವು. ಇದು ಜಾಣ ನಕ್ಷೆ. ಜನ ಬೆರಳಿಟ್ಟು ಹುಡುಕಿದ ಜಾಗ, ಫೋನುಗಳು ಮಾತಾಡುವ ಜಾಗ ಬೆಳಗುತ್ತದೆ. ಯಾರೂ ಕೇಳದ್ದು ಪಾರದರ್ಶಕವಾಗುತ್ತ ಹಿಂದಿನ ಬಣ್ಣದಲ್ಲಿ ಕರಗಿಹೋಗುತ್ತದೆ. ಬೆಳಗಿದ ಕಡೆಗೆ ದೋಣಿ ಹೊರಡುತ್ತದೆ.

"ಎಲ್ಲಾ ದೋಣಿ ಹೊಂಟಾವ್ರಿ ಮೇಡಮ್," ಎಂದ ದೋಣಿಗಳ ಉಸ್ತುವಾರಿ ಹುಸೇನಪ್ಪ. "ನಕ್ಷಿದಾಗ ಇನ್ನೇನೂ ಉಳಿದಿಲ್ಲ. ಒಂದೀಟು ಕುಂದರ್ರಿ."

ಏನೋ ಬಿಟ್ಟುಹೋಗಿದೆ ಎಂದು ಅವಳ ಮನಸ್ಸು ಕುಟುಕುತ್ತಲೇ ಇತ್ತು. ಥಟ್ಟನೆ ನೆನಪಾಯಿತು: ಹೊಳೆ ನಡುವಿನ ನಡುಗಡ್ಡೆಯ ಊರು, ಮರಳಗಡ್ಡಿ! ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ರೊಟ್ಟಿ ಬಡಿಸುತ್ತ ಆ ಊರಿನ ತಿಪ್ಪವ್ವ ಅಂದಿದ್ದಳು: "ಹೊಳಿ ಬಂತಂದ್ರ ಮೊದ್ಲು ಎಲ್ಲಾರೂ ಫೋನ್ ಆರಿಸ್ತೀವಿ, ಯವ್ವಾ. ಚಾರ್ಜು ಉಳೀಬೇಕಲ್ಲ." ಆಗ ವಾರಿಜಾ ನಕ್ಕಿದ್ದಳು. ಈಗ ಆ ಮಾತಿನ ಅರ್ಥ ಹೊಳೆಯಿತು. ಅವರ ಮೌನವನ್ನು ಅವಳ ನಕ್ಷೆ 'ಇಲ್ಲಿ ಯಾರೂ ಇಲ್ಲ' ಎಂದು ಓದಿತ್ತು.

ಬರೀ ನೀಲಿಯಿದ್ದಲ್ಲಿ ಬೆರಳು ಒತ್ತಿದಳು. ಮಸುಕು ಚುಕ್ಕೆಯೊಂದು ಮೇಲೆದ್ದು ಕೆಂಪಾಯಿತು.

"ಎರಡು ದೋಣಿ ಇಲ್ಲಿಗೆ ತಿರುಗಸ್ರಿ!"

"ಅಲ್ಲಿ ಯಾರೂ ಇಲ್ಲಂತ ನಕ್ಷಿನೇ ಹೇಳಾಕತ್ತಿತ್ತಲ್ರಿ..."

"ನಕ್ಷಿ ಮಾಡಿದಾಕಿ ಹೇಳಾಕತ್ತೀನಿ, ತಿರುಗಸ್ರಿ!"

ಬೆರಳು ತೆಗೆದರೆ ಚುಕ್ಕೆ ಮತ್ತೆ ಕರಗಿ, ದೋಣಿಗಳು ಬೇರೆಡೆ ತಿರುಗುತ್ತಿದ್ದವು. ತೋಳು ಜೋಮು ಹಿಡಿದರೂ ಅವಳು ತೆಗೆಯಲಿಲ್ಲ. ಕೊನೆಗೆ ಸುದ್ದಿ ಬಂತು: ಎಲ್ಲರೂ ಶಾಲೆಯ ಮಾಳಿಗೆಯ ಮೇಲಿದ್ದಾರೆ, ಬದುಕಿದ್ದಾರೆ. ದೋಣಿಯವನ ಫೋನಿನಲ್ಲಿ ತಿಪ್ಪವ್ವನ ದನಿ ಕೇಳಿತು. "ಭಾಳ ತಡಾ ಮಾಡಿದ್ರಿ. ನಾವು ಕಾಣಲಿಲ್ಲೇನು?"

ವಾರಿಜಾ ಆಗಷ್ಟೇ ಗೋಡೆಯಿಂದ ಬೆರಳು ತೆಗೆದಳು.

ನೆರೆ ಇಳಿದ ಮೇಲೆ ಅವಳು ನಿಯಮವನ್ನೇ ತಿರುಗಿಸಿದಳು. ಯಾರೂ ಕೇಳದ, ಯಾರೂ ಬೆರಳಿಡದ ಊರು ಎಲ್ಲಕ್ಕಿಂತ ಹೆಚ್ಚು ಬೆಳಗಲಿ. ಗುಂಡಿ ಒತ್ತಿದ್ದೇ ತಡ, ಗೋಡೆಯ ತುಂಬ ಕೆಂಪು ಚುಕ್ಕೆಗಳು ಏಳತೊಡಗಿದವು, ಏಳುತ್ತಲೇ ಹೋದವು.

ಹುಸೇನಪ್ಪ ಕುರ್ಚಿಯಿಂದ ಎದ್ದು ನಿಂತ. "ಇಷ್ಟೂ ಊರು ಇಷ್ಟು ದಿನ ಎಲ್ಲಿದ್ವ್ರಿ, ಮೇಡಮ್?"

"ಅಲ್ಲೇ ಇದ್ವು," ಎಂದಳು ವಾರಿಜಾ.